ಸೊಂಡಿಲಿನ ಮೀಸೆ

ಚಿನ್ನೂ, ಪುಟ್ಟೀ, ಹೋದ ಭಾನುವಾರ ನೀವಿಬ್ಬರೂ ಸೇರಿಕೊಂಡು ನನ್ನನ್ನು ಸೋಲಿಸಿದಿರಿ. ಶಾಲೆಗೆಂದು ಆನೆಯ ಚಿತ್ರ ಬರೆಯುತ್ತಿದ್ದಿರಿ. ಸೊಂಡಿಲಿಗೆ ಕೂದಲು ಬರೆಯುವುದನ್ನು ಮರೆತಿರಲ್ಲ ಎಂದೆ. ಪುಟ್ಟಿ ಕೈ ತಟ್ಟಿಕೊಂಡು ನಕ್ಕಳು. ಚಿನ್ನು ತನ್ನ ರಬ್ಬರ್ ಆನೆಯನ್ನು ತಂದು ನನ್ನ ಮೂಗಿನ ಮುಂದೆ ಹಿಡಿದ. ಅದರ ಸೊಂಡಿಲು ಸೋರೆಕಾಯಿಯ ಹಾಗೆ ನುಣ್ಣಗಿತ್ತು. ಆನೆಗೆ ಬಾಲದ ತುದಿಯಲ್ಲಿ ಬಿಟ್ಟರೆ ಇನ್ನೆಲ್ಲೂ ಕೂದಲಿರುವುದಿಲ್ಲ, ಅಜ್ಜಿಗೆ ಗೊತ್ತಿಲ್ಲ ಎಂದು ತೀರ್ಪು ಕೊಟ್ಟು ಚಿತ್ರಕ್ಕೆ ಬೂದು ಬಣ್ಣ ಹಚ್ಚಿದಿರಿ.

ನಾನು ವಾದ ಮಾಡುವವಳಲ್ಲ. ನಾಲ್ಕು ಜನರಿದ್ದರೆ ನನ್ನ ಮಾತು ಗಂಟಲಲ್ಲೇ ಕೂತುಬಿಡುತ್ತದೆ. ಇಬ್ಬರಿದ್ದರೂ ಅಷ್ಟೇ, ಅವರು ಮೊಮ್ಮಕ್ಕಳಾದರೂ. ಆದರೆ ಈ ವಿಷಯದಲ್ಲಿ ಸೋತವಳಾಗಿ ಉಳಿಯಲು ನನಗೆ ಮನಸ್ಸಿಲ್ಲ. ಆನೆಯ ಸೊಂಡಿಲಿಗೆ ಮೀಸೆಯಿದೆ. ನಾನು ಅದನ್ನು ಮುಟ್ಟಿದ್ದೇನೆ, ಅದೂ ನನ್ನನ್ನು ಮುಟ್ಟಿದೆ. ಬಾಯಲ್ಲಿ ಹೇಳಲಾಗದ್ದನ್ನು ಬರೆಯುತ್ತೇನೆ. ಪರಿಗಿ ಹತ್ತಿರದ ನಮ್ಮೂರಿನ ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು ನಾನು. ತೆಲುಗು ನನಗೆ ಬಾಯಿಗೆ ಬರುತ್ತದೆ, ಕೈಗೆ ಬರುವುದಿಲ್ಲ. ನಿಮಗಾದರೋ ಶಾಲೆಯಲ್ಲಿ ತೆಲುಗು ಅಕ್ಷರ. ಕನ್ನಡ ಅಕ್ಷರ ಅದರ ತಂಗಿಯ ಹಾಗಿದೆ. ಇನ್ನು ಸ್ವಲ್ಪ ದೊಡ್ಡವರಾದರೆ ಕೂಡಿಸಿ ಕೂಡಿಸಿ ಓದಿಬಿಡುತ್ತೀರಿ.

ಇದು ನಾನು ಹಿಂದೂಪುರಕ್ಕೆ ಬಂದು ನಿಮ್ಮ ಜೊತೆ ಇರುವುದಕ್ಕೆ ಮುಂಚಿನ ಮಾತು. ಆಗ ಚಿನ್ನು ಅಂಬೆಗಾಲಿಡುತ್ತಿದ್ದ, ಪುಟ್ಟಿ ಹುಟ್ಟಿರಲಿಲ್ಲ. ನಿಮ್ಮ ತಾತ ಕಲ್ಯಾಣದುರ್ಗದ ಕಡೆಯ ಒಂದು ಪಶು ಆಸ್ಪತ್ರೆಯಲ್ಲಿ ಅಟೆಂಡರ್ ಆಗಿದ್ದರು. ಅವರು ಹೋದ ಮೇಲೆ ಆ ಕೆಲಸವನ್ನು ನನಗೆ ಕೊಟ್ಟರು. ತಟ್ಟೆ, ಕತ್ತರಿ ಕುದಿಸಿಡುವುದು, ಮೇಕೆಯ ಕಾಲು ಹಿಡಿಯುವುದು, ಎಮ್ಮೆಯ ಹಗ್ಗ ಹಿಡಿಯುವುದು, ನೆಲ ತೊಳೆಯುವುದು. ಪ್ರಾಣಿಗಳ ಹತ್ತಿರ ಮಾತಾಡಲು ನನಗೆ ಯಾವ ಸಂಕೋಚವೂ ಇರಲಿಲ್ಲ. ಅವುಗಳನ್ನು ಕರೆತಂದವರ ಹತ್ತಿರವೇ ಕಷ್ಟ. ಯಾರಾದರೂ ಏನಾದರೂ ಕೇಳಿದರೆ ನಾನು ಅವರ ದನದ ಮುಖ ನೋಡಿಕೊಂಡು ಉತ್ತರ ಕೊಡುತ್ತಿದ್ದೆ. ಒಬ್ಬ ರೈತ ಒಮ್ಮೆ, "ಏನಮ್ಮೋ, ನಂಗೆ ಹೇಳ್ತಿದ್ದೀಯೋ, ನಮ್ಮೆಮ್ಮೆಗೆ ಹೇಳ್ತಿದ್ದೀಯೋ?" ಎಂದು ಎಲ್ಲರನ್ನೂ ನಗಿಸಿದ್ದ.

ಅಲ್ಲಿದ್ದ ಡಾಕ್ಟರಮ್ಮ ಅನಂತಪುರದವರು. ನಿಮ್ಮಮ್ಮನ ವಯಸ್ಸು. ತೆಲುಗಿನಲ್ಲಿ ಶುರುಮಾಡಿದ ಮಾತನ್ನು ಕನ್ನಡದಲ್ಲಿ ಮುಗಿಸುತ್ತಿದ್ದರು. ಕೆಲಸವಿಲ್ಲದ ಹೊತ್ತಿನಲ್ಲಿ ನನ್ನನ್ನು ಕರೆದು ಹಸುವಿನ ಹೊಟ್ಟೆ ನಾಲ್ಕು ಕೋಣೆಯಾಗಿರುವುದು, ಕುರಿಯ ಕಾಲ್ಗೊರಸಿನ ಸಂದಿಯಲ್ಲಿ ಎಣ್ಣೆಯ ಚೀಲವಿರುವುದು, ಇಂಥದ್ದನ್ನೆಲ್ಲ ತೋರಿಸುತ್ತಿದ್ದರು. ಏನು ಕೇಳಿದರೂ ಬೇಸರವಿಲ್ಲದ ಹೆಣ್ಣುಮಗಳು.

ಕಡಲೆಕಾಯಿ ಕೀಳುವ ಕಾಲಕ್ಕೆ ಪ್ರತಿ ವರ್ಷ ಒಂದು ಆನೆ ಬರುತ್ತಿತ್ತು. ಕರ್ನಾಟಕದ ಕಡೆಯ ಒಂದು ಸಣ್ಣ ಮಠದ್ದು. ವಯಸ್ಸಾದ ಹೆಣ್ಣಾನೆ. ಗಡಿಯ ಕೊಡಿಕೊಂಡದ ಚೆಕ್‌ಪೋಸ್ಟ್ ದಾಟಿ, ಪೆನುಕೊಂಡದ ಮೇಲೆ ಹಾದು, ಊರೂರಿಗೆ ನಿಂತು ಆಶೀರ್ವಾದ ಮಾಡಿಕೊಂಡು ನಮ್ಮಲ್ಲಿಗೆ ಬರುತ್ತಿತ್ತು. ಆಸ್ಪತ್ರೆಯ ಹಿಂದೆ ಹುಣಸೆಮರಗಳು, ದನಗಳ ನೀರಿನ ತೊಟ್ಟಿ ಇದ್ದದ್ದರಿಂದ ಅಲ್ಲೇ ಬಿಡಾರ. ಅದನ್ನು ನೋಡಿಕೊಳ್ಳುತ್ತಿದ್ದ ಮಾವಟಿಗ ನನಗಿಂತ ದೊಡ್ಡವನು. ಆತನ ಅಪ್ಪನೂ ಅದೇ ಆನೆಯ ಜೊತೆ ನಡೆದವನಂತೆ. ಮದುವೆ ಮಕ್ಕಳು ಯಾವುದೂ ಇರಲಿಲ್ಲ. ಆನೆಯನ್ನು 'ತಲ್ಲೀ' ಎಂದು ಕರೆಯುತ್ತಿದ್ದ, ತಾಯೀ ಅನ್ನುವ ಹಾಗೆ. ಅದು ಕಿವಿ ಬೀಸಿದರೆ ಹೂಂಗುಟ್ಟಿತು ಅನ್ನುತ್ತಿದ್ದ.

ಮೊದಲ ವರ್ಷ ಆತ ಒಂದು ಆಟ ತೋರಿಸಿದ. ತೊಟ್ಟಿಯ ಕಟ್ಟೆಯ ಮೇಲೆ ಒಂದೇ ಒಂದು ಕಡಲೆಕಾಯಿ ಇಟ್ಟ. ಸೊಂಡಿಲು ಇಳಿದು ಬಂದು ಕಾಯಿಯ ಮೇಲೆ ನಿಂತಿತು. ಚರ್ಮ ಮುಟ್ಟಲಿಲ್ಲ. ತುದಿಯ ಸುತ್ತ ಬಿರುಸಾದ ಕೂದಲುಗಳಿದ್ದವು, ಅವು ಮಾತ್ರ ಕಾಯಿಯ ಮೇಲೆ ಅತ್ತಿತ್ತ ಆಡಿದವು. ಕುರುಡರು ಮುಖ ಸವರಿ ಗುರುತು ಹಿಡಿಯುತ್ತಾರಲ್ಲ, ಹಾಗೆ. ಆಮೇಲೆ ತುದಿಯ ಬೆರಳು ಬಾಗಿ ಕಾಯಿಯನ್ನು ಎತ್ತಿಕೊಂಡಿತು. ಸಿಪ್ಪೆ ಕೂಡ ಬಿರಿಯಲಿಲ್ಲ. ಹುಣಸೆಯ ಕೊಂಬೆಯನ್ನು ಸೀಳುವ ಸೊಂಡಿಲು ಅದೇ.

ಆಶೀರ್ವಾದಕ್ಕೆ ಹೆಂಗಸರು ನೂಕಾಡುವಾಗ ನಾನು ಹಿಂದೆಯೇ ನಿಂತಿದ್ದೆ. ಗಂಡ ಹೋದವಳು ಮುಂದೆ ಹೋಗಬಾರದೆಂದು ಯಾರೂ ಹೇಳಿರಲಿಲ್ಲ, ಯಾರೂ ಹೇಳುವ ಮೊದಲೇ ನಾವು ಹಿಂದೆ ನಿಲ್ಲುವುದನ್ನು ಕಲಿತಿರುತ್ತೇವೆ. ಮಾವಟಿಗ ನೋಡಿದ. "ಆ ಲೆಕ್ಕ ಎಲ್ಲ ಇವ್ಳಿಗೆ ಗೊತ್ತಿಲ್ಲ ಕಣಮ್ಮ, ಬಾ" ಎಂದ. ಕೈ ನೀಡಿದೆ. ಬಳೆಯಿಲ್ಲದ ಮಣಿಕಟ್ಟಿನ ಮೇಲೆ ಹೊಸ ಪೊರಕೆಯ ತುದಿ ಆಡಿಸಿದಂತಾಯಿತು. ಆ ಕೂದಲಲ್ಲಿ ಒಂದನ್ನು ಹೆದರುತ್ತ ಹೆದರುತ್ತ ಬೆರಳ ನಡುವೆ ಹಿಡಿದು ನೋಡಿದೆ. ನಮ್ಮ ಕೂದಲಿನ ಹಾಗೆ ದುಂಡಗೆ ಹೊರಳಲಿಲ್ಲ. ಚಪ್ಪಟೆ. ಬುಡದಲ್ಲಿ ತೆಂಗಿನ ಕಡ್ಡಿಯಂತೆ ಗಟ್ಟಿ, ತುದಿಗೆ ಹೋದಂತೆ ಮೆತ್ತಗೆ. ಇನ್ನೊಂದು ವಿಷಯವನ್ನೂ ಕಂಡೆ. ಸೊಂಡಿಲಿನ ಒಂದು ಮಗ್ಗುಲಲ್ಲಿ ಕೂದಲು ಸವೆದು ಗಿಡ್ಡಗಿತ್ತು, ಇನ್ನೊಂದು ಮಗ್ಗುಲಲ್ಲಿ ಉದ್ದವಿತ್ತು. ಕೇಳಿದ್ದಕ್ಕೆ ಮಾವಟಿಗ, ನಾವು ಬಲಗೈಯಲ್ಲಿ ಉಣ್ಣುವ ಹಾಗೆ ಆನೆಗೂ ಒಂದು ರೂಢಿಯ ಮಗ್ಗುಲು ಇರುತ್ತದೆ, ಆ ಕಡೆ ಸುತ್ತಿ ಸುತ್ತಿ ಹುಲ್ಲು ಎಳೆದು ಅಲ್ಲಿನ ಕೂದಲು ತೇಯುತ್ತದೆ ಎಂದ.

ನಿಮಗೆ ಗೊತ್ತಿರಲಿಕ್ಕಿಲ್ಲ, ನಮ್ಮ ಕಡೆ ನಿದ್ದೆಯಲ್ಲಿ ಬೆಚ್ಚಿಬೀಳುವ ಕೂಸುಗಳಿಗೆ ಆನೆಯ ಬಾಲದ ಕೂದಲನ್ನು ಉಂಗುರದಂತೆ ಸುತ್ತಿ ಕೈಗೆ ಕಟ್ಟುತ್ತಿದ್ದರು. ಆನೆ ಯಾವುದಕ್ಕೂ ಬೆಚ್ಚುವುದಿಲ್ಲ, ಅದರ ಕೂದಲು ಕಟ್ಟಿದರೆ ಕೂಸೂ ಬೆಚ್ಚುವುದಿಲ್ಲ ಎಂಬ ನಂಬಿಕೆ. ಆನೆ ಬಂತೆಂದರೆ ತಾಯಂದಿರು ಮಾವಟಿಗನನ್ನು ಮುತ್ತಿಕೊಳ್ಳುತ್ತಿದ್ದರು. ಅಳುವ ಕೂಸನ್ನು ಎತ್ತಿಕೊಂಡು ಬಂದವಳಿಗೆ ಇಲ್ಲ ಎನ್ನುವ ಮನಸ್ಸು ಆತನಿಗಿರಲಿಲ್ಲ. ಹೀಗೆ ಕೊಟ್ಟು ಕೊಟ್ಟು ಆನೆಯ ಬಾಲ ತೆಂಗಿನ ಹಗ್ಗದ ತುಂಡಿನಂತೆ ಬೋಳಾಗಿ ಹೋಗಿತ್ತು.

ಮುಂದಿನ ವರ್ಷ ಆನೆ ಬಂದಾಗ ಏನೋ ಬೇರೆಯಾಗಿತ್ತು. ಬಂದ ದಿನವೇ ಪೇಟೆಯಲ್ಲಿ ಒಂದು ಮನೆಯ ಮುಂದೆ ಒಬ್ಬ ಪುಟ್ಟ ಹುಡುಗಿ ನೆನೆಸಿದ ಕಡಲೆ, ಬೆಲ್ಲ ಹಾಕಿದ ತಟ್ಟೆಯನ್ನು ಎತ್ತಿ ಹಿಡಿದಿದ್ದಾಳೆ. ಸೊಂಡಿಲು ತಟ್ಟೆಗೆ ಬಡಿದು ಒಮ್ಮೆಗೇ ಮೇಲಕ್ಕೆ ಹಾರಿದೆ. ತಟ್ಟೆ ಹಾರಿತು, ಹುಡುಗಿ ಹಿಂದಕ್ಕೆ ಬಿದ್ದು ಮೊಣಕೈ ತರಚಿಕೊಂಡಳು. ಅಷ್ಟೇ. ಆದರೆ ಅದನ್ನು ಯಾರೋ ಫೋನಿನಲ್ಲಿ ವಿಡಿಯೋ ಮಾಡಿದ್ದರು. ಬೆಳಗಾಗುವುದರೊಳಗೆ ಆನೆಗೆ ಮದ ಬಂದಿದೆ, ಮಗುವನ್ನು ಎತ್ತಿ ಎಸೆದಿದೆ ಎಂದು ಊರೂರಿಗೂ ಹೋಯಿತು. ಮಠಕ್ಕೂ ಹೋಯಿತು.

ಬೆಳಗ್ಗೆ ನಾನು ಆಸ್ಪತ್ರೆಯ ಬಾಗಿಲಿಗೆ ರಂಗೋಲಿ ಹಾಕುತ್ತಿದ್ದಾಗ ಮಾವಟಿಗ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟ. ಡಾಕ್ಟರಮ್ಮ ಸ್ಕೂಟಿ ನಿಲ್ಲಿಸುವುದರೊಳಗೇ ಶುರುಮಾಡಿದ.

"ಅಮ್ಮಾ, ನಮ್ಮ ತಲ್ಲಿಗೆ ಮದ ಬಂದೈತೆ ಅಂತಾವ್ರೆ. ಹೆಣ್ಣಾನೆಗೆ ಎಲ್ಲಾನ ಮದ ಬತ್ತದಾ? ಮಠದ ಮ್ಯಾನೇಜರು ಲಾರಿ ತಗಂಡು ಸಾಯಂಕಾಲಕ್ಕೆ ಬತ್ತಾರಂತೆ. ಯಾವ್ದೋ ದೂರದ ಕ್ಯಾಂಪಿಗೆ ಸಾಗಿಸ್ಬುಡ್ತಾರಂತೆ. ನಾನು ಯಾರ ಜೊತೆ ನಡೀಲಿ?"

ಡಾಕ್ಟರಮ್ಮ ಮ್ಯಾನೇಜರಿಗೆ ಫೋನು ಮಾಡಿದರು. ಆನೆಗೆ ಕಾಯಿಲೆ ಇದ್ದರೆ ಹೇಳಿ, ಇಲ್ಲದಿದ್ದರೆ ಅದು ಕೆಟ್ಟ ಬುದ್ಧಿಯ ಆನೆ, ಲಾರಿ ಹತ್ತಿಸುತ್ತೇವೆ ಎಂದು ಆತ ಹೇಳಿದನಂತೆ. ಹೀಗೆ ನಮಗೆ ಇದ್ದದ್ದು ಒಂದೇ ಹಗಲು.

ಡಾಕ್ಟರಮ್ಮ ಆನೆಯ ಕಣ್ಣು ನೋಡಿದರು, ಬಾಯಿ, ಹಲ್ಲು, ನಾಲಿಗೆ ನೋಡಿದರು. ನಾನು ಟಾರ್ಚು ಹಿಡಿದಿದ್ದೆ. ಸೊಂಡಿಲಿಗೆ ಏನಾದರೂ ಲಕ್ವ ಹೊಡೆದಿದೆಯೋ ಎಂದು ಹುಣಸೆಯ ದಿಮ್ಮಿ ಎತ್ತಿಸಿದರು. ಬೆಂಕಿಪೊಟ್ಟಣ ಎತ್ತಿದಷ್ಟು ಸಲೀಸಾಗಿ ಎತ್ತಿತು. ಬಲಕ್ಕೇನೂ ಕಡಿಮೆ ಇರಲಿಲ್ಲ. ಆಮೇಲೆ ಮಾವಟಿಗ ಕಟ್ಟೆಯ ಮೇಲೆ ಕಡಲೆಕಾಯಿ ಇಟ್ಟ. ಸೊಂಡಿಲು ಬಂದು ಕಟ್ಟೆಗೆ ಬಡಿಯಿತು. ಬೆಚ್ಚಿದಂತೆ ಹಿಂದೆ ಸರಿಯಿತು. ಮತ್ತೆ ಬಂದು ಕಾಯಿಯನ್ನು ತಳ್ಳಿತು, ಉರುಳಿದ ಕಾಯಿಯನ್ನು ಹುಡುಕಿ ಇನ್ನೊಂದು ಕಡೆ ಮುಟ್ಟಿತು, ಕೊನೆಗೆ ಒತ್ತಿ ಪುಡಿ ಮಾಡಿತು. ಪುಡಿಯನ್ನೂ ಬಾಯಿಗೆ ಒಯ್ಯುವ ಹಾದಿಯಲ್ಲಿ ಚೆಲ್ಲಿತು. ತಾನು ತಿಂದೆ ಎಂದುಕೊಂಡು ಬಾಯಿ ಆಡಿಸಿತು.

ಆ ಬರಿಬಾಯಿ ಆಡಿಸುವುದನ್ನು ನೋಡಿದಾಗ ನನಗೆ ಹಿಂದೂಪುರದ ಬಸ್‌ಸ್ಟ್ಯಾಂಡು ನೆನಪಾಯಿತು. ಆ ಬೇಸಿಗೆಯಲ್ಲಿ ನಿಮ್ಮಮ್ಮ ನನ್ನನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದಳು. ಮೇಲಿನ ಹಲ್ಲೊಂದನ್ನು ಕಿತ್ತರು. ಸೂಜಿ ಹಾಕಿದ್ದರಿಂದ ಮೇಲ್ದುಟಿ, ಮೂಗಿನ ಪಕ್ಕ ಎಲ್ಲ ಮರದಂತಾಗಿತ್ತು. ಬೇಡ ಎಂದರೂ ಕೇಳದೆ, ಆರಿದ ಕಾಫಿ ತಾನೇ ಎಂದು ಕುಡಿದೆ. ಒಳಗೆ ಹೋಯಿತೆಂದೇ ತಿಳಿದು ನುಂಗಿದೆ. ಅದು ಹೋದದ್ದು ಸೀರೆಯ ಮೇಲೆ. ತುಟಿಗೆ ಲೋಟ ಎಲ್ಲಿ ಶುರುವಾಗುತ್ತದೆ ಎಂದೇ ಗೊತ್ತಾಗುತ್ತಿರಲಿಲ್ಲ. ಪಕ್ಕದ ಬೆಂಚಿನವರೆಲ್ಲ ನೋಡುತ್ತಿದ್ದರು. ನಾನು ಬಸ್ಸಿನಲ್ಲಿ ಪೆನುಕೊಂಡ ಬರುವವರೆಗೂ ಸೆರಗಿನಿಂದ ಮುಖ ತೆಗೆಯಲಿಲ್ಲ.

ಇದನ್ನು ಡಾಕ್ಟರಮ್ಮನಿಗೆ ಹೇಳಬೇಕೋ ಬೇಡವೋ ಎಂದು ಬಹಳ ಹೊತ್ತು ಟಾರ್ಚನ್ನೇ ನೋಡುತ್ತ ನಿಂತಿದ್ದೆ. ಹೇಳಿದೆ.

"ಅಮ್ಮಾ, ನಂಗೆ ಹಲ್ಲು ಕಿತ್ತಾಗ ಹಿಂಗೇ ಆಗಿತ್ತು. ಕಾಫಿ ಬಾಯ್ಗೋಯ್ತು ಅನ್ಕಂಡೆ, ಸೀರೆಗೋಗಿತ್ತು. ಇವ್ಳಿಗೆ ಕೋಪ ಅಲ್ಲ ಕಣಮ್ಮ. ಮುಟ್ಟಿದ್ದು ತಿಳೀತಿಲ್ಲ."

ಡಾಕ್ಟರಮ್ಮ ಮೊದಲು ನಕ್ಕರು. ಆಮೇಲೆ ನಗು ನಿಲ್ಲಿಸಿ ಸೊಂಡಿಲಿನ ತುದಿಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು, ಟಾರ್ಚು ಹತ್ತಿರ ತಾ ಎಂದರು. ಸವೆದ ಮಗ್ಗುಲಲ್ಲಿ ಗಿಡ್ಡ ಕೂದಲು ಹಳೆಯ ಹಾಗೆಯೇ ಇತ್ತು. ಉದ್ದ ಕೂದಲಿದ್ದ ಮಗ್ಗುಲಲ್ಲಿ, ತುದಿಯಿಂದ ಒಂದು ಗೇಣು ಮೇಲಿನವರೆಗೆ, ಹೊಲ ಕೊಯ್ದ ಮೇಲೆ ಉಳಿಯುವ ಕೂಳೆಯಂತೆ ಬರೀ ಕರಿ ಚುಕ್ಕೆಗಳು. ಚರ್ಮಕ್ಕೆ ಕತ್ತರಿ ತಾಗಿಸಿ ಯಾರೋ ಬುಡಕ್ಕೇ ಕತ್ತರಿಸಿದ್ದರು.

ಮಾವಟಿಗನ ಕಡೆ ಯಾರೂ ಬೆರಳು ತೋರಿಸಲಿಲ್ಲ, ಆತನೇ ಹೇಳಿದ. ಬಾಲದಲ್ಲಿ ಕೊಡಲು ಇನ್ನೇನೂ ಉಳಿದಿರಲಿಲ್ಲ. ಈ ಸಲ ಬರುವ ದಾರಿಯಲ್ಲೂ ತಾಯಂದಿರು ಬಿಡಲಿಲ್ಲ. ಒಂದು ಮಗ್ಗುಲು ಹೇಗೂ ಉದ್ದ ಬೆಳೆದು ಸುಮ್ಮನೆ ನಿಂತಿದೆ, ಉಪಯೋಗವಿಲ್ಲದ್ದು, ಅದರಲ್ಲಿ ಕೊಟ್ಟರಾಯಿತು ಎಂದುಕೊಂಡ.

"ಕೂದ್ಲು ಕತ್ತರಿಸಿದ್ರೆ ನೋಯಲ್ಲ ಅಲ್ವಾಮ್ಮ? ಇವ್ಳು ಕದಲ್ಲೇ ಇಲ್ಲ, ನಿಂತ್ಕಂಡೇ ಇದ್ಲು."

"ನೋಯಲ್ಲ ತಾತಾ," ಎಂದರು ಡಾಕ್ಟರಮ್ಮ. "ಅದೇ ಮೋಸ."

ಆಮೇಲೆ ಅವರು ಏನು ಮಾಡಿದರೆಂದರೆ, ನನ್ನ ರಂಗೋಲಿ ಡಬ್ಬಿ ತರಿಸಿ ಆಸ್ಪತ್ರೆಯ ಸಿಮೆಂಟು ನೆಲದ ಮೇಲೆ ಕೂತು ಒಂದು ಕೂದಲು ಬರೆದರು. ಮಾವಟಿಗನಿಗೆ ತಿಳಿಯಲೆಂದು ಬರೆದದ್ದು, ನನಗೂ ತಿಳಿಯಿತು. ಅದನ್ನು ಹೀಗೆ ಹೇಳಬಹುದು.

ನಮ್ಮ ತಲೆಯ ಕೂದಲು ಹೊಲದಲ್ಲಿ ನಿಂತ ಪೈರಿನ ಹಾಗೆ, ಮಣ್ಣಿನಲ್ಲಿ ಸುಮ್ಮನೆ ನಾಟಿಕೊಂಡಿರುತ್ತದೆ. ಸೊಂಡಿಲಿನ ಮೀಸೆ ಹಾಗಲ್ಲ. ಅದರ ಬುಡ ಚರ್ಮದ ಆಳದಲ್ಲಿ ಒಂದು ಗಟ್ಟಿ ಚೀಲದೊಳಗೆ ಇರುತ್ತದೆ. ಚೀಲಕ್ಕೂ ಬುಡಕ್ಕೂ ನಡುವೆ ಬರಿದಾದ ಜಾಗವಿಲ್ಲ, ಅಲ್ಲಿ ರಕ್ತ ತುಂಬಿಕೊಂಡಿರುತ್ತದೆ, ಬಾಳೆಗಿಡದ ಸುತ್ತ ಪಾತಿ ಕಟ್ಟಿ ನೀರು ನಿಲ್ಲಿಸಿದ ಹಾಗೆ. ಕುರಿಗಳಿಗೆ ಗುರುತು ಹಾಕುವ ಕೆಂಪು ಬಣ್ಣವನ್ನು ತರಿಸಿ ಡಾಕ್ಟರಮ್ಮ ಆ ಪಾತಿಯನ್ನು ತುಂಬಿದರು. ಆಮೇಲೆ ನಾನು ಗಾಯಕ್ಕೆಂದು ಇಟ್ಟಿದ್ದ ಅರಿಶಿನ ತೆಗೆದುಕೊಂಡು ಚೀಲದ ಗೋಡೆ ತೂರಿ ಒಳಗೆ ಬರುವ ಸಣ್ಣ ಸಣ್ಣ ಎಳೆಗಳನ್ನು ಬರೆದರು. ಅವು ನರದ ಎಳೆಗಳು. ಕಂಬಕ್ಕೆ ಮಲ್ಲಿಗೆ ದಂಡೆ ಸುತ್ತಿದಂತೆ ಕೂದಲಿನ ಬುಡವನ್ನು ಸುತ್ತಿಕೊಂಡಿರುತ್ತವೆ. ಹೊರಗೆ ಕೂದಲಿನ ತುದಿಗೆ ಏನಾದರೂ ತಾಗಿದರೆ ತುದಿ ಬಾಗುತ್ತದೆ, ಬುಡ ಒಳಗೆ ಇಷ್ಟೇ ಇಷ್ಟು ಓಲುತ್ತದೆ, ಎಳೆಗಳಿಗೆ ಅದು ಗೊತ್ತಾಗುತ್ತದೆ. ಬೆಕ್ಕು, ಇಲಿ ತಮ್ಮ ಮೀಸೆಯನ್ನು ತಾವೇ ಹಿಂದೆ ಮುಂದೆ ಆಡಿಸುತ್ತವೆ. ಆನೆಯ ಮೀಸೆಗೆ ಆ ಶಕ್ತಿ ಇಲ್ಲ. ಅದು ನಿಂತಲ್ಲೇ ನಿಂತಿರುತ್ತದೆ. ಆಡಿಸುವುದಕ್ಕೆ ಇಡೀ ಸೊಂಡಿಲೇ ಇದೆಯಲ್ಲ.

ಕೂದಲಿನಲ್ಲಿ ನರವಿಲ್ಲ. ಆದ್ದರಿಂದ ಕತ್ತರಿಸಿದರೆ ನೋವಿಲ್ಲ. ಆದರೆ ಬುಡದಲ್ಲಿ ಕಾದು ಕೂತ ನರಕ್ಕೆ ಸುದ್ದಿ ತರುವವರಿಲ್ಲ. ನರ ಸತ್ತಿಲ್ಲ, ಬರಿದೇ ಕಾಯುತ್ತಿದೆ.

ಆ ಎಳೆಗಳೆಲ್ಲ ಸೇರಿ ಎಲ್ಲಿಗೆ ಹೋಗುತ್ತವೆ ಎಂದು ನಾನು ಕೇಳಿದೆ. ಡಾಕ್ಟರಮ್ಮ ಎದ್ದು ನಮ್ಮನ್ನು ಹುಣಸೆಮರದ ಕೆಳಗೆ ಕರೆದೊಯ್ದು ಆನೆಯ ಕಣ್ಣಿನ ಕೆಳಗೆ ಕೈಯಿಟ್ಟರು. ಮುಖದ ದೊಡ್ಡ ನರ ಮೂರು ಕವಲಾಗುತ್ತದಂತೆ. ನಡುವಿನ ಕವಲು ಕಣ್ಣಿನ ಕೆಳಗೆ ಮೂಳೆಯಲ್ಲಿರುವ ಒಂದು ಕಿಂಡಿಯಿಂದ ಹೊರಗೆ ಬಂದು ಸೊಂಡಿಲಿನ ಉದ್ದಕ್ಕೂ ತುದಿಯವರೆಗೆ ಇಳಿಯುತ್ತದೆ. ಆನೆಯಲ್ಲಿ ಅದು ಕಣ್ಣಿನ ನರಕ್ಕಿಂತ ದಪ್ಪ. ಅಂದರೆ ಆನೆ ಕಣ್ಣಿಗಿಂತ ಹೆಚ್ಚಾಗಿ ಸೊಂಡಿಲಿನಿಂದ ಲೋಕವನ್ನು ನೋಡುತ್ತದೆ. ಸೊಂಡಿಲನ್ನು ಎತ್ತಿಸುವುದು, ಬಾಗಿಸುವುದು ಮಾಡುವ ನರ ಬೇರೆಯೇ. ಒಂದು ಹೇಳುವ ನರ, ಇನ್ನೊಂದು ಮಾಡುವ ನರ. ಮಾಡುವುದು ನೆಟ್ಟಗಿದ್ದದ್ದರಿಂದ ದಿಮ್ಮಿ ಎತ್ತಿತು, ಹೇಳುವುದಕ್ಕೆ ಸುದ್ದಿಯಿಲ್ಲದ್ದರಿಂದ ಕಡಲೆಕಾಯಿ ಪುಡಿಯಾಯಿತು.

ಆಮೇಲೆ ಅವರು ಅರಿಶಿನದ ಬೆರಳನ್ನು ನನ್ನ ಕಣ್ಣಿನ ಕೆಳಗೆ, ಮೂಗಿನ ಪಕ್ಕಕ್ಕೆ ಒತ್ತಿದರು. ನಿಮಗೂ ಅಲ್ಲೇ ಕಿಂಡಿ ಇದೆ, ಅದೇ ನರ ನಿಮ್ಮ ಮೇಲ್ದುಟಿಗೆ ಬರುತ್ತದೆ, ಹಲ್ಲಿನ ಡಾಕ್ಟರು ಮಲಗಿಸಿದ್ದು ಅದರ ಕವಲನ್ನೇ ಎಂದರು. ಸೊಂಡಿಲು ಅಂದರೆ ಮೂಗೂ ಮೇಲ್ದುಟಿಯೂ ಸೇರಿ ಬೆಳೆದದ್ದು. ನನ್ನ ತುಟಿಯಲ್ಲಿ ಸುದ್ದಿ ಇತ್ತು, ನರ ಮಲಗಿತ್ತು. ಆನೆಯಲ್ಲಿ ನರ ಎದ್ದಿದೆ, ಸುದ್ದಿ ಇಲ್ಲ. ಇಷ್ಟೇ ವ್ಯತ್ಯಾಸ. ಮುಖದಲ್ಲಿ ಅರಿಶಿನ ಹಚ್ಚಿಕೊಂಡು ಆ ದಿನವೆಲ್ಲ ಓಡಾಡಿದೆ, ನನಗೆ ಗೊತ್ತೇ ಇರಲಿಲ್ಲ.

ಸಾಯಂಕಾಲ ಲಾರಿ ಬಂತು. ಹಿಂದೆಯೇ ಅರ್ಧ ಊರು ಬಂತು, ಫೋನುಗಳನ್ನು ಎತ್ತಿ ಹಿಡಿದುಕೊಂಡು. ಮ್ಯಾನೇಜರು ಕೆಟ್ಟ ಮನುಷ್ಯನೇನಲ್ಲ, ಹೆದರಿದ ಮನುಷ್ಯ. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಕೇಳಿ ಟೋಪಿ ತೆಗೆದು ತನ್ನ ಬೋಳುತಲೆ ಸವರಿಕೊಂಡ.

"ಕೂದ್ಲಿಲ್ದಿದ್ರೆ ಇಷ್ಟೆಲ್ಲ ಆಗುತ್ತೇನಮ್ಮ? ನಂಗೂ ಇಲ್ಲ. ನಾನು ಯಾರ ತಟ್ಟೆ ಹಾರಿಸಿದ್ದೀನಿ?"

ಜನ ನಕ್ಕರು. ಡಾಕ್ಟರಮ್ಮನೂ ನಕ್ಕು, ನಿಮ್ಮ ಕೂದಲಿನ ಬುಡ ಬೇರೆ, ಇದರ ಬುಡ ಬೇರೆ, ನೋಡಿ ಎಂದರು. ಮಾವಟಿಗನ ಟವೆಲಿನಿಂದ ಆನೆಯ ಕಣ್ಣಿಗೆ ಮರೆ ಹಿಡಿಸಿದರು. ನನ್ನ ಪೊರಕೆಯಿಂದ ಒಂದು ಕಡ್ಡಿ ಎಳೆದುಕೊಂಡು ಗಿಡ್ಡ ಕೂದಲುಳಿದ ಮಗ್ಗುಲಲ್ಲಿ, ಚರ್ಮಕ್ಕೆ ತಾಗದಂತೆ, ಕೂದಲ ತುದಿಗೆ ಮಾತ್ರ ತಾಗಿಸಿದರು. ಸೊಂಡಿಲು ಮೆಲ್ಲಗೆ ಆ ಕಡೆ ತಿರುಗಿ ಕಡ್ಡಿಯನ್ನು ಹುಡುಕಿತು. ಕೊಯ್ದ ಮಗ್ಗುಲಲ್ಲಿ ಅಷ್ಟೇ ಹತ್ತಿರ ಕಡ್ಡಿ ಆಡಿಸಿದರು. ಆನೆ ಕಿವಿ ಬೀಸುತ್ತ ನಿಂತೇ ಇತ್ತು. ಕಡ್ಡಿಯನ್ನು ಇನ್ನೂ ಹತ್ತಿರ ತಂದು ಚರ್ಮಕ್ಕೆ ತಾಗಿಸಿದ ತಕ್ಷಣ ಸೊಂಡಿಲು ಬೆಚ್ಚಿ ಮೇಲಕ್ಕೆ ಹಾರಿತು, ವಿಡಿಯೋದಲ್ಲಿ ಹಾರಿದ ಹಾಗೆಯೇ.

ಬೆಚ್ಚಿಬೀಳುವ ಕೂಸುಗಳಿಗೆ ಎಂದು ಕೂದಲು ಕೊಟ್ಟು ಕೊಟ್ಟು, ಯಾವುದಕ್ಕೂ ಬೆಚ್ಚದ ಆನೆಯನ್ನೇ ಬೆಚ್ಚಿಬೀಳುವಂತೆ ಮಾಡಿದ್ದೆವು. ಹಿಂದೆ ನಿಂತಿದ್ದ ಒಬ್ಬ ತಾಯಿ ಕಂಕುಳಿನ ಕೂಸಿನ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

ಮ್ಯಾನೇಜರಿಗೆ ಅರ್ಥವಾಯಿತು, ಧೈರ್ಯ ಬರಲಿಲ್ಲ. ಆ ಕೂದಲು ಮತ್ತೆ ಬರುತ್ತದೆಯೇ ಎಂದು ಕೇಳಿದ. ಬರುತ್ತದೆ ಎಂದು ಹೇಳಲಾರೆ, ಬರದೆಯೂ ಇರಬಹುದು ಎಂದು ಡಾಕ್ಟರಮ್ಮ ನಿಜವನ್ನೇ ಹೇಳಿದರು. ಹಾಗಾದರೆ ಜನರ ನಡುವೆ ಇದನ್ನು ಹೇಗೆ ನಡೆಸುವುದು ಎಂದ. ಅದಕ್ಕೆ ಮಾವಟಿಗ ಕೈಮುಗಿದು, ಮುಟ್ಟುವ ಮೊದಲು ಕೂಗಿ ಹೇಳಿದರೆ ಸಾಕು, ದನಿಯಿಂದ ಜಾಗ ತಿಳಿದುಕೊಳ್ಳುತ್ತಾಳೆ, ಮಧ್ಯಾಹ್ನದಿಂದ ಹಾಗೇ ಉಣ್ಣಿಸುತ್ತಿದ್ದೇನೆ ಎಂದ. ನಿನ್ನ ದನಿ ಅದಕ್ಕೆ ಗೊತ್ತು, ಬೇರೆ ಯಾರಾದರೂ ಬರಿಗೈಯಲ್ಲಿ ಕೊಟ್ಟು ತೋರಿಸಲಿ, ಆಗ ಲಾರಿ ಹಿಂದೆ ಕಳಿಸುತ್ತೇನೆ ಎಂದ ಮ್ಯಾನೇಜರು.

ಫೋನು ಹಿಡಿದವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು. ಡಾಕ್ಟರಮ್ಮ ಮುಂದೆ ಬಂದರು, ಅವರು ತಾಗಿಸಿದ ಕಡ್ಡಿಗೆ ಬೆಚ್ಚಿದ್ದ ಆನೆ ಅವರ ವಾಸನೆಗೇ ತಲೆ ಕೊಡವಿತು. ಪ್ರಾಣಿ ಹಿಡಿಯುವ ಕೆಲಸಕ್ಕೆ ನನಗೆ ಸಂಬಳ ಕೊಡುತ್ತಿದ್ದರು. ನಾನು ಹೋದೆ.

ಅಂಗೈ ತುಂಬ ಕಡಲೆಕಾಯಿ ಹಿಡಿದು ನಿಂತೆ. ಈಗ ದನಿ ಎತ್ತಬೇಕು. ಎಮ್ಮೆಯ ಮುಖ ನೋಡಿ ಮಾತಾಡಿದವಳು ನಾನು, ಆದರೆ ಅದು ಪಿಸುಮಾತು. ಇಲ್ಲಿ ಆನೆಗೆ ಕೇಳಬೇಕು, ನನ್ನ ಕೈ ಎಲ್ಲಿದೆ ಎಂದು ತಿಳಿಯುವಷ್ಟು. ಇಷ್ಟು ಜನರ ಮುಂದೆ.

"ಇಲ್ಲಿದ್ದೀನಿ ಕಣಮ್ಮ," ಎಂದೆ. ಸಾಲಲಿಲ್ಲ. ಮತ್ತೊಮ್ಮೆ, ಹೊಲದಾಚೆಯವರನ್ನು ಕರೆಯುವ ಹಾಗೆ ಕೂಗಿದೆ. "ಇಲ್ಲಿದ್ದೀನಿ ಕಣಮ್ಮ! ನನ್ನ ಕೈ ಇಲ್ಲೈತೆ. ಮೆಲ್ಲಗೆ ಬಾ."

ಕಿವಿ ನಿಂತವು. ಸೊಂಡಿಲು ಇಳಿಯಿತು. ಮೊದಲು ಬಿಸಿ ಉಸಿರು ಅಂಗೈಗೆ ಬಂತು. ಆಮೇಲೆ ಆನೆ ತನ್ನ ಸೊಂಡಿಲನ್ನು ಹೊರಳಿಸಿ, ಕೊಯ್ದ ಮಗ್ಗುಲನ್ನು ಆಚೆ ಮಾಡಿ, ಗಿಡ್ಡ ಕೂದಲಿನ ಮಗ್ಗುಲನ್ನು ನನ್ನ ಕೈಗೆ ತಂದಿತು. ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. ಸವೆದ ಆ ಗಿಡ್ಡ ಮೀಸೆಗಳು ನನ್ನ ಬೆರಳನ್ನೆಲ್ಲ ಓದಿ, ಕಾಯಿ ಯಾವುದು ಬೆರಳು ಯಾವುದು ಎಂದು ಬೇರೆ ಮಾಡಿಕೊಂಡವು. ಎಷ್ಟೋ ಕಾಯಿಗಳು ಕೆಳಗೆ ಬಿದ್ದವು. ನನ್ನ ಕೈಗೆ ಮಾತ್ರ ಒಂದು ಗೀರೂ ಆಗಲಿಲ್ಲ.

ಲಾರಿ ಖಾಲಿಯಾಗಿ ಹಿಂದೆ ಹೋಯಿತು. ಮಾವಟಿಗ ಆನೆಯ ಮುಂಗಾಲಿಗೆ ಒರಗಿ ನೆಲದಲ್ಲೇ ಕೂತ. ಏನಾದರೂ ಹೇಳುತ್ತಾನೆಂದುಕೊಂಡೆ. "ನಿನ್ನ ಗಂಟ್ಲಲ್ಲಿ ಇಷ್ಟು ದನಿ ಇಟ್ಕಂಡು ಇಷ್ಟು ವರ್ಷ ಸುಮ್ಕಿದ್ದೆಯಲ್ಲಮ್ಮ" ಎಂದ, ಅಷ್ಟೇ.

ಆ ವರ್ಷದಿಂದ ಪದ್ಧತಿ ಬದಲಾಯಿತು. ಕೂದಲು ಕೇಳಿ ಬಂದ ತಾಯಂದಿರಿಗೆ ಮಾವಟಿಗ ಕತ್ತರಿ ತೆಗೆಯಲಿಲ್ಲ. ಕೂಸನ್ನೇ ಹತ್ತಿರ ತರಲು ಹೇಳಿ, ಆನೆಗೆ ಕೂಗಿ ಹೇಳಿ, ಉಳಿದ ಮೀಸೆಯನ್ನು ಕೂಸಿನ ಕೆನ್ನೆಗೆ ತಾಗಿಸುತ್ತಿದ್ದ. ಉಂಗುರಕ್ಕಿಂತ ಇದು ಗಟ್ಟಿ ಎಂದು ನಾನೇ ಅಕ್ಕಪಕ್ಕದ ಹೆಂಗಸರಿಗೆ ಹೇಳಿದೆ, ಮುಖ ನೋಡಿಕೊಂಡೇ ಹೇಳಿದೆ. ಕೊಯ್ದ ಜಾಗದಲ್ಲಿ ಮೀಸೆ ಮೊದಲಿನಂತೆ ಬರಲೇ ಇಲ್ಲ. ಆನೆ ಅದಕ್ಕೆ ಕಾಯುತ್ತ ಕೂರಲಿಲ್ಲ, ಇರುವ ಮಗ್ಗುಲಿನಿಂದಲೇ ಕಡಲೆಕಾಯಿ ಎತ್ತುವುದನ್ನು ಮತ್ತೆ ಕಲಿತುಕೊಂಡಿತು. ನಾನು ಕೆಲಸ ಬಿಟ್ಟು ಬರುವ ವರ್ಷವೂ ಅವರಿಬ್ಬರೂ ನಡೆದುಕೊಂಡೇ ಬಂದಿದ್ದರು.

ಚಿನ್ನೂ, ನಿಮ್ಮಮ್ಮ ನಿನ್ನನ್ನು ಕಂಕುಳಲ್ಲಿ ಎತ್ತಿಕೊಂಡು ಆಗ ಅಲ್ಲಿಗೆ ಬಂದಿದ್ದಳು. ನಾನೇ ಆನೆಗೆ ಕೂಗಿ ಹೇಳಿದೆ. ಆ ಮೀಸೆ ನಿನ್ನ ಎಡಗೆನ್ನೆಗೆ ತಾಗಿತು. ನೀನು ಅಳಲಿಲ್ಲ, ಸೀನಿದೆ. ನಿನ್ನ ಕೆನ್ನೆಯ ನರಕ್ಕೆ ಆ ಸುದ್ದಿ ಹೋಗಿದೆ, ನಿನಗೆ ನೆನಪಿಲ್ಲದಿದ್ದರೂ. ರಬ್ಬರ್ ಆನೆಯನ್ನು ನಂಬುವ ಮೊದಲು ನಿನ್ನ ಕೆನ್ನೆಯನ್ನು ಕೇಳು. ಪುಟ್ಟೀ, ನೀನು ಮೇಲ್ದುಟಿಯ ಮೇಲೆ ಒಂದು ಕಡ್ಡಿ ಆಡಿಸಿಕೊಂಡು ನೋಡು. ಕಚಗುಳಿ ಓಡಿ ಹೋಗುವ ದಾರಿ ಆನೆಯದೂ ಅದೇ.

ಕೊನೆಯ ಹಾಳೆಯಲ್ಲಿ ಡಾಕ್ಟರಮ್ಮ ನೆಲದ ಮೇಲೆ ಬರೆದ ಚಿತ್ರವನ್ನು ನೆನಪಿನಿಂದ ಬರೆದಿದ್ದೇನೆ. ನೆಲದ್ದನ್ನು ಮಾರನೆಯ ದಿನ ನಾನೇ ತೊಳೆಯಬೇಕಾಯಿತು, ಆದ್ದರಿಂದ ಇರುವುದು ಇದೊಂದೇ. ಬಣ್ಣ ಹಚ್ಚಬೇಕೆನಿಸಿದರೆ ಹಚ್ಚಿ, ಬೇಡ ಎನ್ನುವುದಿಲ್ಲ. ಬುಡದ ಪಾತಿಗೆ ಕೆಂಪು, ಎಳೆಗಳಿಗೆ ಹಳದಿ, ಅದನ್ನು ಬದಲಿಸಬೇಡಿ. ಮೀಸೆಗೆ ಕತ್ತರಿ ಹಾಕಿದರೆ ಹೇಗೆ ನೋಯುವುದಿಲ್ಲವೋ ಕಾಗದಕ್ಕೂ ಹಾಗೇ, ಹರಿದರೆ ಯಾರಿಗೂ ನೋಯುವುದಿಲ್ಲ, ಸುದ್ದಿ ಮಾತ್ರ ನಿಂತುಹೋಗುತ್ತದೆ. ನಿಮ್ಮಮ್ಮನ ರೇಷ್ಮೆ ಸೀರೆಯ ಮಡಿಕೆಯೊಳಗೆ ಈ ಹಾಳೆಗಳನ್ನು ಇಟ್ಟಿದ್ದೇನೆ, ನುಸಿಗೆ ಬೇವಿನ ಎಲೆ ಹಾಕಿ. ಎಲೆ ಒಣಗಿದಾಗ ಬದಲಿಸುವ ಕೆಲಸ ಇನ್ನು ನಿಮ್ಮದು, ಸರದಿಯ ಮೇಲೆ.